ಮೊದಲು ಸ್ಟ್ಯಾಂಡ್ ನೋಡಿ

ಕೇಳುಗರಿಗೆ ನಮಸ್ಕಾರ.

ಪುಟ್ಟ ಮಗುವನ್ನು ಕೂರಿಸಿಕೊಂಡು ಓಡಾಡಲು ಒಂದು ಎಲೆಕ್ಟ್ರಿಕ್ ಸೈಕಲ್ ಬೇಕು, ಯಾವುದು ತಗೊಳ್ಳೋಣ? ಈ ಪ್ರಶ್ನೆ ಎದ್ದ ಕೂಡಲೇ ಮಾತು ಮೋಟಾರಿನ ಕಡೆಗೆ ಹೊರಳುತ್ತದೆ. ಎಷ್ಟು ವ್ಯಾಟ್? ಒಂದು ಸಲ ಚಾರ್ಜ್ ಮಾಡಿದರೆ ಎಷ್ಟು ದೂರ? ನಾನಾದರೆ ಮೊದಲು ಬಗ್ಗಿ ಸ್ಟ್ಯಾಂಡ್ ನೋಡುತ್ತೇನೆ.

ನಗಬೇಡಿ. ಓಡುತ್ತಿರುವ ಸೈಕಲ್ಲಿಗೆ ನೆಟ್ಟಗಿರುವುದು ಕಷ್ಟವಲ್ಲ. ಅದು ವಾಲುವುದು ನಿಂತಾಗ. ಮಗುವನ್ನು ಎತ್ತಿ ಕೂರಿಸುವಾಗ, ಬೆಲ್ಟ್ ಬಿಗಿಯುವಾಗ, ನಾವು ಹತ್ತುವಾಗ, ಸಿಗ್ನಲ್‌ನಲ್ಲಿ ಕಾಲೂರುವಾಗ. ಹಿಂದಿನ ಸೀಟಿನಲ್ಲಿ ಕೂತ ಮಗುವಿನ ತಲೆ ನೆಲದಿಂದ ಒಂದು ಮೀಟರಿಗಿಂತ ಮೇಲಿರುತ್ತದೆ. ಬೆಲ್ಟ್ ಹಾಕಿರುವುದರಿಂದ ಮಗು ಜಿಗಿಯಲೂ ಆಗುವುದಿಲ್ಲ, ಸೈಕಲ್ ಜೊತೆಗೇ ಉರುಳುತ್ತದೆ.

ಜಪಾನ್ 2009ರಲ್ಲಿ ಒಂದೇ ಸೈಕಲ್‌ನಲ್ಲಿ ಇಬ್ಬರು ಪುಟ್ಟ ಮಕ್ಕಳನ್ನು ಕೂರಿಸಲು ಒಪ್ಪಿಗೆ ಕೊಟ್ಟಿತು. ಆದರೆ ಅದಕ್ಕೆಂದೇ ಮಾಡಿದ ಸೈಕಲ್ ಆಗಿರಬೇಕು ಎಂದಿತು. ಬ್ರೇಕು, ಗಟ್ಟಿತನದ ಜೊತೆಗೆ, ನಿಲ್ಲಿಸಿದಾಗ ಬೀಳಬಾರದು ಎನ್ನುವುದೂ ಆ ಷರತ್ತುಗಳಲ್ಲಿ ಒಂದು. ಅಲ್ಲಿನ ಕೆಲವು ಸೈಕಲ್‌ಗಳಲ್ಲಿ ಸ್ಟ್ಯಾಂಡ್ ಹಾಕಿದ ಕೂಡಲೇ ಹ್ಯಾಂಡಲ್ ಕೂಡ ಬಿಗಿಯಾಗುತ್ತದೆ. ಯಾಕೆ ಅಂದರೆ, ಸ್ಟ್ಯಾಂಡ್ ಎಷ್ಟೇ ಗಟ್ಟಿ ಇದ್ದರೂ ಮುಂದಿನ ಚಕ್ರ ಗರ್ರನೆ ಒಂದು ಕಡೆ ತಿರುಗಿಬಿಟ್ಟರೆ ಸೈಕಲ್ ಅದೇ ಕಡೆ ವಾಲುತ್ತದೆ. ಮಗು ಕೂತಾಗ ಇದು ಒಂದು ಕ್ಷಣದ ಕೆಲಸ.

ಹಾಗಾಗಿ ಒಂಟಿ ಕಾಲಿನ ಸೈಡ್ ಸ್ಟ್ಯಾಂಡ್ ಇದ್ದರೆ ಸಾಲದು. ಅಗಲಕ್ಕೆ ಚಾಚಿ ನಿಲ್ಲುವ ಎರಡು ಕಾಲಿನ ಸ್ಟ್ಯಾಂಡ್ ಬೇಕು. ಅಂಗಡಿಯಲ್ಲೇ ಹಾಕಿ ನೋಡಿ. ಸೀಟನ್ನು ಹಿಡಿದು ಎಡಕ್ಕೆ, ಬಲಕ್ಕೆ ಅಲ್ಲಾಡಿಸಿ. ಭಾರ ಇರುವಾಗ ನೀವೊಬ್ಬರೇ ಸ್ಟ್ಯಾಂಡ್ ಹಾಕಿ ತೆಗೆಯಲು ಆಗುತ್ತಾ ಅಂತಲೂ ನೋಡಿ. ಮನೆಯಲ್ಲಿ ಇಬ್ಬರು ಓಡಿಸುವುದಾದರೆ, ಕುಳ್ಳಗಿರುವವರೇ ಪರೀಕ್ಷೆ ಮಾಡಲಿ. ಸ್ಟ್ಯಾಂಡ್ ಎಷ್ಟೇ ಚೆನ್ನಾಗಿದ್ದರೂ, ಮಗು ಕೂತಿರುವಾಗ ಸೈಕಲ್ಲಿನಿಂದ ಕೈ ತೆಗೆಯಬೇಡಿ. ಹೊರಡುವಾಗ ಮೊದಲು ಚೀಲ, ಕೊನೆಗೆ ಮಗು. ತಲುಪಿದಾಗ ಮೊದಲು ಮಗು, ಆಮೇಲೆ ಚೀಲ.

ಇನ್ನು ಹತ್ತುವ ವಿಷಯ. ಹಿಂದೆ ಸೀಟಿದ್ದರೆ ಕಾಲನ್ನು ಹಿಂದಿನಿಂದ ಬೀಸಿ ಹತ್ತುವ ಹಾಗಿಲ್ಲ, ಬೀಸಿದರೆ ಮಗುವಿನ ಮುಖಕ್ಕೇ ಬೀಳುತ್ತದೆ. ಆದ್ದರಿಂದ ನಡುವಿನ ಪೈಪ್ ಕೆಳಗೆ ಇಳಿದಿರುವ ಫ್ರೇಮ್ ಇರಲಿ. ಅದನ್ನು ಲೇಡೀಸ್ ಸೈಕಲ್ ಅಂತ ಮೂಗು ಮುರಿಯುವ ಗಂಡಸರು ಇನ್ನೂ ಇದ್ದಾರೆ. ಮುರಿಯಲಿ ಬಿಡಿ.

ಮಗುವನ್ನು ಎಲ್ಲಿ ಕೂರಿಸುವುದು? ಹ್ಯಾಂಡಲ್ ಹಿಂದೆ, ನಿಮ್ಮ ಎದುರಿಗೇ ಕೂರಿಸುವ ಪುಟ್ಟ ಸೀಟು ಒಂದು ಬಗೆ. ಮಾತಾಡಿಕೊಂಡು ಹೋಗಲು ಖುಷಿ. ಆದರೆ ಯುರೋಪಿನ ಮಾನದಂಡದಲ್ಲಿ ಅದಕ್ಕೆ 15 ಕಿಲೋ ಮಿತಿ. ಮಗು ಬೇಗ ಅದನ್ನು ಮೀರಿ ಬೆಳೆಯುತ್ತದೆ. ಹಿಂದಿನ ಸೀಟಿಗೆ 22 ಕಿಲೋವರೆಗೆ ಮಿತಿ ಇದೆ. ಮುಂದೆ ಉದ್ದನೆ ಪೆಟ್ಟಿಗೆ ಇರುವ ಕಾರ್ಗೋ ಸೈಕಲ್‌ನಲ್ಲಿ ಮಗು ಕೆಳಗೆ, ಕಣ್ಣೆದುರಿಗೇ ಇರುತ್ತದೆ. ಮಳೆಗೆ ಮೇಲೊಂದು ಹೊದಿಕೆ ಹಾಕಬಹುದು. ಅದು ನಿಲ್ಲಿಸಲು ಜಾಗ ಜಾಸ್ತಿ ತಿನ್ನುತ್ತದೆ, ಮೆಟ್ಟಿಲು ಹತ್ತಿಸುವುದಂತೂ ಸಾಧ್ಯವೇ ಇಲ್ಲ. ಸಾಮಾನ್ಯ ಸೈಕಲ್, ಪೆಟ್ಟಿಗೆ ಸೈಕಲ್ ಇವೆರಡರ ನಡುವೆ, ಹಿಂಭಾಗ ಉದ್ದವಿರುವ ಸೈಕಲ್ ಇದೆ. ಹಿಂದಿನ ಚಕ್ರ 20 ಇಂಚಿನದ್ದಾದರೆ ಮಗು ತಗ್ಗಿನಲ್ಲಿ ಕೂರುತ್ತದೆ, ಭಾರ ನೆಲಕ್ಕೆ ಹತ್ತಿರವಿರುತ್ತದೆ. ಚಿಕ್ಕ ಚಕ್ರ ಗಟ್ಟಿಯೂ ಹೌದು. ಮುಂದೆ ಇನ್ನೊಂದು ಮಗು ಬಂದರೂ ಜಾಗ ಇರುತ್ತದೆ. ನನ್ನ ಓಟು ಇದಕ್ಕೆ.

ಸಾಮಾನ್ಯ ಎಲೆಕ್ಟ್ರಿಕ್ ಸೈಕಲ್ಲಿಗೇ ಹಿಂದಿನ ಸೀಟು ಹಾಕಿಸುವವರು ಬ್ಯಾಟರಿ ಎಲ್ಲಿದೆ ಅಂತ ಗಮನಿಸಿ. ಎಷ್ಟೋ ಸೀಟುಗಳು ಕ್ಯಾರಿಯರ್ ಮೇಲೆ ಕೂರುವುದಿಲ್ಲ. ಸವಾರನ ಸೀಟಿನ ಕೆಳಗಿನ ಪೈಪಿಗೆ ಕ್ಲಾಂಪ್ ಹಾಕಿ, ಎರಡು ಕಂಬಿಗಳ ಮೇಲೆ ನಿಲ್ಲುತ್ತವೆ. ಕಂಬಿ ಸ್ವಲ್ಪ ಬಳುಕುವುದರಿಂದ ಗುಂಡಿಯ ಏಟು ಮಗುವಿಗೆ ಅಷ್ಟಾಗಿ ತಟ್ಟುವುದಿಲ್ಲ. ಆದರೆ ಆ ಪೈಪಿಗೆ ಅಂಟಿಕೊಂಡೇ ಬ್ಯಾಟರಿ ಇದ್ದರೆ ಕ್ಲಾಂಪ್ ಹಾಕಲು ಜಾಗವೇ ಇರುವುದಿಲ್ಲ. ಬ್ಯಾಟರಿ ಕ್ಯಾರಿಯರ್ ಒಳಗಿದ್ದರೆ ಹಿಂದಿನ ಭಾರ ಇನ್ನಷ್ಟು ಏರುತ್ತದೆ. ಕಾರ್ಬನ್ ಫ್ರೇಮಿಗಂತೂ ಕ್ಲಾಂಪ್ ಬಿಗಿಯಲೇಬಾರದು. ಸೈಕಲ್ ಕೊಂಡು ಆಮೇಲೆ ಸೀಟು ಹುಡುಕುವುದಕ್ಕಿಂತ, ಸೀಟು ಗೊತ್ತುಮಾಡಿಕೊಂಡು ಸೈಕಲ್ ಹುಡುಕುವುದು ಮೇಲು.

ಒಂದು ಲೆಕ್ಕ ಹಾಕೋಣ. ಸೈಕಲ್ 26 ಕಿಲೋ. ಓಡಿಸುವವರು 70. ಮಗು 16, ಸೀಟು 5, ಚೀಲ 5. ಒಟ್ಟು 122 ಕಿಲೋ ಆಯಿತು. ಸೈಕಲ್ ಎಷ್ಟು ಭಾರ ತಡೆಯುತ್ತದೆ ಎಂದು ತಯಾರಕರು ಬರೆದಿರುತ್ತಾರೆ, ಬಹಳ ಸಲ ಅದರಲ್ಲಿ ಸೈಕಲ್ಲಿನ ತೂಕವೂ ಸೇರಿರುತ್ತದೆ. 120 ಕಿಲೋ ಎಂದು ಬರೆದಿದ್ದರೆ, ಈ ಲೆಕ್ಕದಲ್ಲಿ ಮೊದಲ ದಿನವೇ ಮಿತಿ ದಾಟಿದಿರಿ ಅಂತಾಯಿತು. ಮಗು ವರ್ಷವರ್ಷ ಬೆಳೆಯುತ್ತದೆ ಅಲ್ವಾ? ಭಾರ ಹೊರಲೆಂದೇ ಮಾಡಿದ ಸೈಕಲ್‌ಗಳಲ್ಲಿ ಈ ಮಿತಿ 180, 200 ಕಿಲೋವರೆಗೂ ಹೋಗುತ್ತದೆ. ಕ್ಯಾರಿಯರಿನ ಮಿತಿ ಬೇರೆಯೇ ಇರುತ್ತದೆ, ಸಾಮಾನ್ಯವಾಗಿ ಅದರ ಮೇಲೇ ಅಚ್ಚು ಹಾಕಿರುತ್ತಾರೆ. ಓದದೆ ದುಡ್ಡು ಕೊಡಬೇಡಿ.

ಈಗ ಮೋಟಾರಿಗೆ ಬರೋಣ. ಪೆಡಲ್ ತುಳಿದಾಗ ಮೋಟಾರು ಕೈಜೋಡಿಸುವ ಸೈಕಲ್ಲನ್ನು ಯಮಾಹಾ ಕಂಪನಿ 1993ರಲ್ಲೇ ಮಾರುಕಟ್ಟೆಗೆ ತಂದಿತ್ತು. ಯುರೋಪಿನಲ್ಲಿ ಇಂಥ ಮೋಟಾರಿಗೆ 250 ವ್ಯಾಟ್ ಮಿತಿ. ಗಂಟೆಗೆ 25 ಕಿಲೋಮೀಟರ್ ದಾಟಿದರೆ ಮೋಟಾರಿನ ಸಹಾಯ ನಿಲ್ಲಬೇಕು. ಮಗು ಹಿಂದಿರುವಾಗ ಅದಕ್ಕಿಂತ ಜೋರಾಗಿ ಹೋಗಿ ಆಗಬೇಕಾದ್ದೇನೂ ಇಲ್ಲ. ಮುಖ್ಯವಾದದ್ದು ಮೋಟಾರು ಹೇಗೆ ಶುರುವಾಗುತ್ತದೆ ಎನ್ನುವುದು. ಕೆಲವು ಸೈಕಲ್‌ಗಳ ಸೆನ್ಸರ್ ಪೆಡಲ್ ತಿರುಗುತ್ತಿದೆಯೋ ಇಲ್ಲವೋ ಅಷ್ಟನ್ನೇ ನೋಡುತ್ತದೆ. ನೀವು ತುಳಿದರೂ ಮೋಟಾರು ಒಂದು ಗಳಿಗೆ ಸುಮ್ನೆ ಇದ್ದು, ಆಮೇಲೆ ಒಮ್ಮೆಲೇ ದಬ್ಬುತ್ತದೆ. ಮಗುವಿನ ತಲೆ ಹಿಂದಕ್ಕೆ ಬಡಿಯುತ್ತದೆ, ಹ್ಯಾಂಡಲ್ ಓಲಾಡುತ್ತದೆ. ಟಾರ್ಕ್ ಸೆನ್ಸರ್ ಹಾಗಲ್ಲ. ಕಾಲು ಎಷ್ಟು ಒತ್ತಿತು ಎಂದು ನೋಡಿ ಅಷ್ಟಕ್ಕೆ ತಕ್ಕಂತೆ ಸಹಾಯ ಮಾಡುತ್ತದೆ. ಇದಕ್ಕೆ ಜಾಸ್ತಿ ದುಡ್ಡು ಕೊಟ್ಟರೂ ನಷ್ಟವಿಲ್ಲ. ಆದರೆ ಅದು ಒತ್ತಡಕ್ಕೆ ತಕ್ಷಣ ಓಗೊಡುವುದರಿಂದ, ಮಗುವನ್ನು ಕೂರಿಸಿ ಇಳಿಸುವಾಗ ಮೋಟಾರು ಆಫ್ ಇರಲಿ. ಸಿಗ್ನಲ್‌ನಲ್ಲಿ ಕಾಲನ್ನು ಪೆಡಲ್ ಮೇಲೆ ಊರಿಕೊಂಡು ನಿಲ್ಲುವ ಅಭ್ಯಾಸವಿದ್ದರೆ ಬಿಡಿ. ಏರು ರಸ್ತೆ ಇದ್ದರೆ ಪೆಡಲ್ ಹತ್ತಿರ ಕೂರಿಸಿದ ಮೋಟಾರು ಒಳ್ಳೆಯದು. ಅದು ಗೇರುಗಳ ಮೂಲಕ ಎಳೆಯುವುದರಿಂದ ಏರಿನಲ್ಲಿ ಏದುಸಿರು ಬಿಡುವುದಿಲ್ಲ.

ಬ್ರೇಕು ಹೈಡ್ರಾಲಿಕ್ ಡಿಸ್ಕ್ ಇರಲಿ, ಅಂದರೆ ತಂತಿಯ ಬದಲು ದ್ರವದ ಒತ್ತಡದಿಂದ ಹಿಡಿಯುವ ಬಗೆ, ಎರಡೂ ಚಕ್ರಕ್ಕೆ. ಟೈರು ದಪ್ಪಗಿರಲಿ.

ಬ್ಯಾಟರಿಯ ಲೆಕ್ಕ ಸುಲಭ. ಅದರಲ್ಲಿ ಎಷ್ಟು ಶಕ್ತಿ ಹಿಡಿಯುತ್ತದೆ ಎಂದು ತಿಳಿಯಲು ವೋಲ್ಟನ್ನು ಆಂಪಿಯರ್ ಅವರ್‌ನಿಂದ ಗುಣಿಸಿ. 36 ವೋಲ್ಟ್, 14 ಆಂಪಿಯರ್ ಅವರ್ ಆದರೆ 504 ವ್ಯಾಟ್ ಅವರ್. ಭಾರ ಹೊತ್ತಾಗ ಕಿಲೋಮೀಟರಿಗೆ 15 ವ್ಯಾಟ್ ಅವರ್ ಖರ್ಚಾದರೆ ಸುಮಾರು 33 ಕಿಲೋಮೀಟರ್ ಹೋಗಬಹುದು. ಜಾಹೀರಾತಿನಲ್ಲಿ ಇದರ ಎರಡು, ಮೂರು ಪಟ್ಟು ಕಂಡರೆ, ಅದು ಹಗುರ ಸವಾರ ಸಮತಟ್ಟು ರಸ್ತೆಯಲ್ಲಿ ಹೋದ ಲೆಕ್ಕ ಅಂತ ತಿಳಿಯಿರಿ. ಕಳಪೆ ಬ್ಯಾಟರಿಗಳಿಂದ ಬೆಂಕಿ ಹತ್ತಿದ ಘಟನೆಗಳ ನಂತರ ನ್ಯೂಯಾರ್ಕ್ ನಗರ 2023ರಲ್ಲಿ ಸುರಕ್ಷತಾ ಪರೀಕ್ಷೆ ಪಾಸಾಗದ ಎಲೆಕ್ಟ್ರಿಕ್ ಸೈಕಲ್ ಮಾರಬಾರದೆಂದು ಕಾನೂನು ಮಾಡಿತು. ಜೊತೆಗೆ ಬಂದ ಚಾರ್ಜರನ್ನೇ ಬಳಸಿ. ಮನೆಯವರೆಲ್ಲ ಮಲಗಿರುವಾಗ ಚಾರ್ಜಿಗೆ ಹಾಕಬೇಡಿ.

ಮಗುವಿನ ಕಾಲಿನ ಬಗ್ಗೆ ಒಂದು ಮಾತು. ಪುಟ್ಟ ಪಾದ ಚಕ್ರದ ಕಡ್ಡಿಗಳ ನಡುವೆ ಸಿಕ್ಕಿಕೊಳ್ಳುವುದು ವೈದ್ಯರಿಗೆ ಚೆನ್ನಾಗಿ ಗೊತ್ತಿರುವ ಗಾಯ. ಹಿಮ್ಮಡಿಯ ಚರ್ಮ ಕಿತ್ತುಬರುತ್ತದೆ, ಮೂಳೆಯೂ ಮುರಿಯಬಹುದು. ಸೀಟಿನ ಎರಡೂ ಬದಿಗೆ ಕಾಲಿಡುವ ಗೂಡು, ಅದಕ್ಕೊಂದು ಪಟ್ಟಿ, ಚಕ್ರಕ್ಕೆ ಅಡ್ಡವಾಗಿ ಗಾರ್ಡ್, ಈ ಮೂರೂ ಇರಬೇಕು. ನಿಮ್ಮ ಸೀಟಿನ ಕೆಳಗೆ ಸ್ಪ್ರಿಂಗ್ ಇದ್ದರೆ ಅದನ್ನು ಮುಚ್ಚಿಸಿ. ಹಿಂದೆ ಕೂತ ಮಗುವಿನ ಬೆರಳು ಅಲ್ಲಿಗೇ ಹೋಗುವುದು.

ಒಂದು ವರ್ಷ ತುಂಬದ ಕೂಸನ್ನು ಸೈಕಲ್ ಮೇಲೆ ಕರೆದೊಯ್ಯಬೇಡಿ ಎಂದು ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ ಹೇಳುತ್ತದೆ. ಹೆಲ್ಮೆಟ್‌ನ ಭಾರ ಹೊರುವ ಬಲ ಕತ್ತಿಗೆ ಬಂದಿರಬೇಕು.

ಕೊಳ್ಳುವ ಮುನ್ನ ಮಗುವಿನಷ್ಟೇ ತೂಕದ ಮರಳಿನ ಚೀಲವನ್ನು ಸೀಟಿಗೆ ಬಿಗಿದು ಓಡಿಸಿ ನೋಡಿ. ನಿಧಾನಕ್ಕೆ ತಿರುಗಿಸಿ, ನಿಲ್ಲಿಸಿ, ಮತ್ತೆ ಹೊರಡಿ. ಅದು ಸರಿಯಾದರೆ ಆಮೇಲೆ ಮಗುವನ್ನು ಹೆಲ್ಮೆಟ್ ಸಮೇತ ಕೂರಿಸಿ, ಪಕ್ಕದಿಂದ ನೋಡಿ. ಹೆಲ್ಮೆಟ್‌ನ ಹಿಂಭಾಗ ಸೀಟಿನ ಒರಗಿಗೆ ತಾಗಿ ಮಗುವಿನ ತಲೆ ಮುಂದಕ್ಕೆ ಬಗ್ಗಿದ್ದರೆ ಆ ಸೀಟು ಬೇಡ. ಒರಗಿನಲ್ಲಿ ಹೆಲ್ಮೆಟ್‌ಗೆಂದೇ ತಗ್ಗು ಬಿಟ್ಟಿರುವ ಸೀಟು ಸಿಗುತ್ತದೆ, ಅದನ್ನು ಕೇಳಿ.

ನಮಸ್ಕಾರ.