ಬಾರ್ಬರಾ ಸ್ಟಾನ್‌ವಿಕ್: ಕುದುರೆಯ ಬೆನ್ನಿನ ಮೇಲೆ

ಕೇಳುಗರೇ, ನಮಸ್ಕಾರ.

1957ರಲ್ಲಿ ತೆರೆಕಂಡ ‘ಫಾರ್ಟಿ ಗನ್ಸ್’ ಚಿತ್ರದಲ್ಲಿ ಸುಂಟರಗಾಳಿಯ ದೃಶ್ಯವೊಂದಿದೆ. ನಾಯಕಿ ಕುದುರೆಯಿಂದ ಕೆಳಗುರುಳುತ್ತಾಳೆ; ಪಾದ ಮಾತ್ರ ರಿಕಾಪಿನಲ್ಲೇ ಸಿಕ್ಕಿಕೊಳ್ಳುತ್ತದೆ; ಬೆದರಿದ ಕುದುರೆ ಅವಳನ್ನು ದೂಳಿನಲ್ಲಿ ದರದರನೆ ಎಳೆದುಕೊಂಡು ಓಡುತ್ತದೆ. ಇದು ತೀರ ಅಪಾಯವೆಂದು ಸಾಹಸ ಕಲಾವಿದರು ಹಿಂದೆ ಸರಿದಾಗ, ನಾಯಕಿಯ ಪಾತ್ರ ವಹಿಸಿದ್ದ ಬಾರ್ಬರಾ ಸ್ಟಾನ್‌ವಿಕ್ ತಾವೇ ಆ ದೃಶ್ಯಕ್ಕೆ ಮುಂದಾದರು. ಆಗ ಅವರಿಗೆ 49 ವರ್ಷ. ನಿರ್ದೇಶಕ ಸ್ಯಾಮ್ಯುಯಲ್ ಫುಲ್ಲರ್ ಅದನ್ನು ಮತ್ತೆ ಮತ್ತೆ ಚಿತ್ರೀಕರಿಸಿದರೂ, ಮೈಯೆಲ್ಲ ತರಚಿದ್ದರೂ, ಅವರು ಗೊಣಗಲಿಲ್ಲ.

ಈ ನಿಷ್ಠೆಯ ಬೇರು ಅವರ ಬಾಲ್ಯದಲ್ಲಿದೆ ಎಂದು ನನಗೆ ಅನ್ನಿಸುತ್ತದೆ. 1907ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ರೂಬಿ ಸ್ಟೀವನ್ಸ್ ಎಂಬ ಹೆಸರಿನಲ್ಲಿ ಹುಟ್ಟಿದ ಆ ಮಗುವಿಗೆ ನಾಲ್ಕು ವರ್ಷವಾಗಿದ್ದಾಗ, ಟ್ರಾಮಿನಿಂದ ಬಿದ್ದು ತಾಯಿ ತೀರಿಕೊಂಡರು. ತಂದೆ ಪನಾಮಾ ಕಾಲುವೆಯ ಕೆಲಸಕ್ಕೆಂದು ಹೋದವರು ಮರಳಲಿಲ್ಲ. ಅವರಿವರ ಮನೆಗಳಲ್ಲಿ ಬೆಳೆದು, ಹದಿಹರೆಯದಲ್ಲೇ ನರ್ತಕಿಯಾಗಿ ದುಡಿದು, ಮುಂದೆ ಹಾಲಿವುಡ್‌ನಲ್ಲಿ ಹೆಸರು ಮಾಡಿದರು. ನಾಲ್ಕು ಬಾರಿ ಆಸ್ಕರ್‌ಗೆ ನಾಮನಿರ್ದೇಶನಗೊಂಡರೂ ಪ್ರಶಸ್ತಿ ಒಲಿಯಲಿಲ್ಲ. 1982ರಲ್ಲಿ ಗೌರವ ಆಸ್ಕರ್ ಬಂತು.

ಆದರೆ ಅವರ ಮನಸ್ಸು ನೆಟ್ಟದ್ದು ವೆಸ್ಟರ್ನ್ ಚಿತ್ರಗಳಲ್ಲಿ, ಅಂದರೆ ಅಮೆರಿಕದ ಪಶ್ಚಿಮ ಗಡಿನಾಡಿನ ಕುದುರೆ ಸವಾರರ ಕತೆಗಳಲ್ಲಿ. ‘ಆ್ಯನಿ ಓಕ್ಲಿ’, ‘ಯೂನಿಯನ್ ಪೆಸಿಫಿಕ್’ ಚಿತ್ರಗಳಲ್ಲಿ ಮೊದಲೇ ನಟಿಸಿದ್ದರೂ, ಈ ಬಗೆಯ ಪಾತ್ರಗಳು ಸಾಲಾಗಿ ಬಂದದ್ದು ನಲವತ್ತು ದಾಟಿದ ಮೇಲೆ. 1950ರ ‘ದ ಫ್ಯೂರೀಸ್’ ಚಿತ್ರದಲ್ಲಿ, ತಂದೆಯ ಜಾನುವಾರು ಸಾಮ್ರಾಜ್ಯ ತನ್ನದೆಂದೇ ನಂಬಿದ ಮಗಳು, ಆತ ಮದುವೆಯಾಗಲಿರುವ ಹೆಂಗಸಿನ ಮುಖಕ್ಕೆ ಕತ್ತರಿ ಎಸೆಯುತ್ತಾಳೆ. ಪ್ರೀತಿ, ಅವಮಾನ, ಆಸ್ತಿಯ ಹಟ ಮೂರೂ ಒಂದೇ ಕೈಬೀಸಿನಲ್ಲಿ ಸಿಡಿಯುವ ಆ ಕ್ಷಣದಲ್ಲಿ ಸ್ಟಾನ್‌ವಿಕ್ ನೋಡುಗರ ಮೆಚ್ಚುಗೆಯನ್ನು ಬೇಡುವುದಿಲ್ಲ. ವೆಸ್ಟರ್ನ್‌ಗಳಲ್ಲಿ ಹೆಣ್ಣು ಬಹುಮಟ್ಟಿಗೆ ಬಾಗಿಲಲ್ಲಿ ನಿಂತು ಕಾಯುವವಳಾಗಿದ್ದ ಕಾಲವದು. ಇವರ ಹೆಂಗಸರು ಜಮೀನಿನ ಲೆಕ್ಕ ಬಲ್ಲವರು, ತಪ್ಪು ಮಾಡಿ ಅದರ ಬೆಲೆ ತೆತ್ತವರು.

1965ರಿಂದ 1969ರವರೆಗೆ ಪ್ರಸಾರವಾದ ‘ದ ಬಿಗ್ ವ್ಯಾಲಿ’ ಧಾರಾವಾಹಿಯ 112 ಕಂತುಗಳಲ್ಲಿ, ಕ್ಯಾಲಿಫೋರ್ನಿಯಾದ ವಿಶಾಲ ಜಮೀನಿನ ಒಡತಿ ವಿಕ್ಟೋರಿಯಾ ಬಾರ್ಕ್ಲಿಯಾಗಿ ಅವರು ಮನೆಮನೆಗೂ ಪರಿಚಿತರಾದರು. ಬೆಳ್ಳಿಗೂದಲನ್ನು ಮರೆಮಾಚದೆ, ಬೆಳೆದ ಮಕ್ಕಳ ನಡುವೆ ನೆಟ್ಟಗೆ ನಿಲ್ಲುತ್ತಿದ್ದ ಆ ವಿಧವೆ ತಾಯಿಯ ಪಾತ್ರಕ್ಕೆ 1966ರಲ್ಲಿ ಅಮೆರಿಕದ ಟಿ.ವಿ. ಕಾರ್ಯಕ್ರಮಗಳಿಗೆ ಕೊಡುವ ಎಮ್ಮಿ ಪ್ರಶಸ್ತಿ ಸಂದಿತು.

1990ರ ಜನವರಿ 20ರಂದು ಅವರು ನಿಧನರಾದರು. ಅಂತ್ಯಕ್ರಿಯೆಯ ಸಮಾರಂಭ ಬೇಡವೆಂದು ಮೊದಲೇ ತಿಳಿಸಿದ್ದರು. ಅವರ ಚಿತಾಭಸ್ಮವನ್ನು ಹೆಲಿಕಾಪ್ಟರಿನಿಂದ, ಅವರು ವೆಸ್ಟರ್ನ್‌ಗಳಲ್ಲಿ ನಟಿಸಿದ್ದ ಕ್ಯಾಲಿಫೋರ್ನಿಯಾದ ಲೋನ್ ಪೈನ್‌ನ ಮೇಲೆ ಚೆಲ್ಲಲಾಯಿತು.