ಚಾರ್ಲ್ಸ್ ಹ್ಯೂಸ್ಟನ್: ಪಾಠ ಹೇಳಿದ ವಕೀಲ

ಗೆಳೆಯರೇ, ಒಂದು ಪರೀಕ್ಷೆಯ ಮಾತಿನಿಂದ ಶುರು ಮಾಡುತ್ತೇನೆ. ಬೆಳಿಗ್ಗೆ 9ಕ್ಕೆ ಕೂತರೆ ಏಳುವುದು ಸಂಜೆ 5ಕ್ಕೆ. ಇಡೀ ದಿನ ಒಂದೇ ವಿಷಯ, ಸಾಕ್ಷ್ಯ ಕಾನೂನು. ವಾಷಿಂಗ್ಟನ್ನಿನ ಹೋವರ್ಡ್ ವಿಶ್ವವಿದ್ಯಾಲಯದ ಲಾ ಕಾಲೇಜಿನಲ್ಲಿ ಚಾರ್ಲ್ಸ್ ಹ್ಯಾಮಿಲ್ಟನ್ ಹ್ಯೂಸ್ಟನ್ ಇಟ್ಟ ಪರೀಕ್ಷೆ ಅದು. ಅದನ್ನು ಬರೆದ ಥರ್ಗುಡ್ ಮಾರ್ಷಲ್ 1967ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟಿನ ಮೊದಲ ಕಪ್ಪು ನ್ಯಾಯಮೂರ್ತಿಯಾದರು. ಎಪ್ಪತ್ತರ ವಯಸ್ಸಿನಲ್ಲೂ ಅವರು ಆ ದಿನವನ್ನು ಮರೆತಿರಲಿಲ್ಲ.

ಮೇಷ್ಟ್ರು ಯಾಕಷ್ಟು ಬಿಗಿ? ಮೊದಲ ಮಹಾಯುದ್ಧದಲ್ಲಿ ಹ್ಯೂಸ್ಟನ್ ಸೈನ್ಯಾಧಿಕಾರಿ. ಬಣ್ಣದ ಕಾರಣಕ್ಕೆ ತಮ್ಮದೇ ಸೈನ್ಯದಲ್ಲಿ ಅವಮಾನ ಉಂಡರು. ಬದುಕಿ ಉಳಿದರೆ ಕಾನೂನು ಓದುತ್ತೇನೆ, ದನಿ ಇಲ್ಲದವರ ಪರ ನಿಲ್ಲುತ್ತೇನೆ ಎಂದು ಅಲ್ಲೇ ನಿಶ್ಚಯಿಸಿದರು. ಹಾರ್ವರ್ಡ್‌ನಲ್ಲಿ ಓದಿದರು. 1929ರಲ್ಲಿ ಹೋವರ್ಡ್ ಲಾ ಕಾಲೇಜಿನ ಹೊಣೆ ಹೊತ್ತಾಗ ಅದು ಸಂಜೆ ಕಾಲೇಜು. ಎರಡೇ ವರ್ಷದಲ್ಲಿ ಅದಕ್ಕೆ ಪೂರ್ಣ ಮಾನ್ಯತೆ ತಂದರು. ವಕೀಲ ಸಮಾಜವನ್ನು ಕಟ್ಟಬೇಕು, ಇಲ್ಲದಿದ್ದರೆ ಅವನು ಸಮಾಜದ ಪರಾವಲಂಬಿ ಎನ್ನುತ್ತಿದ್ದರು. ನನ್ನ ಮಟ್ಟಿಗೆ ಅವರ ಅತಿ ದೊಡ್ಡ ಕೆಲಸ ಆ ತರಗತಿಯೇ.

ಮಾರ್ಷಲ್ ಬಾಲ್ಟಿಮೋರಿನ ಹುಡುಗ. ಊರಲ್ಲೇ ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ಲಾ ಕಾಲೇಜಿತ್ತು, ಆದರೆ ಕಪ್ಪು ಜನರಿಗೆ ಸೀಟಿಲ್ಲ. ಅಮ್ಮ ಉಂಗುರ ಅಡವಿಟ್ಟು ಹೋವರ್ಡ್‌ಗೆ ಫೀಸು ಕಟ್ಟಿದರು. ಮಗ ದಿನಾ ರೈಲಿನಲ್ಲಿ ಓಡಾಡಿದ. 1933ರಲ್ಲಿ ತರಗತಿಗೇ ಮೊದಲಿಗನಾಗಿ ಪಾಸಾದ. ಎರಡೇ ವರ್ಷಕ್ಕೆ ಮೇಷ್ಟ್ರು, ಶಿಷ್ಯ ಇಬ್ಬರೂ ಸೇರಿ ಅದೇ ಮೇರಿಲ್ಯಾಂಡ್ ಕಾಲೇಜನ್ನು ಕೋರ್ಟಿಗೆ ಎಳೆದರು. ಡೊನಾಲ್ಡ್ ಮರ್ರೆ ಎಂಬ ಕಪ್ಪು ಯುವಕನಿಗೆ ಸೀಟು ಕೊಡಿಸಿದರು. ಆ ದಿನ ಮಾರ್ಷಲ್‌ಗೆ ಹೇಗನಿಸಿರಬೇಕು, ಯೋಚಿಸಿ!

ಹ್ಯೂಸ್ಟನ್ ಹಿಡಿದ ದಾರಿಯನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಕಪ್ಪು ಜನರನ್ನೂ ಬಿಳಿ ಜನರನ್ನೂ 'ಬೇರೆ ಬೇರೆ ಇಡಬಹುದು, ಆದರೆ ಸೌಲಭ್ಯ ಸಮಾನವಾಗಿರಬೇಕು' ಎಂದು 1896ರಲ್ಲಿ ಸುಪ್ರೀಂ ಕೋರ್ಟೇ ಹೇಳಿತ್ತು. ಸರಿ, ಹಾಗಾದರೆ ಸಮಾನತೆ ಎಲ್ಲಿದೆ ತೋರಿಸಿ ಎಂದರು ಹ್ಯೂಸ್ಟನ್. ಪ್ರತಿ ರಾಜ್ಯವೂ ಎರಡೆರಡು ಲಾ ಕಾಲೇಜು ಕಟ್ಟಲು ಆಗುತ್ತದಾ? ಹಾಗಂತ ಸುಮ್ನೆ ವಾದ ಮಾಡುತ್ತಾ ಕೂರಲಿಲ್ಲ. ಕ್ಯಾಮೆರಾ ಹಿಡಿದು ಸೌತ್ ಕೆರೊಲಿನಾದ ಹಳ್ಳಿಗಳನ್ನು ಸುತ್ತಿದರು. ಬಿಳಿ ಮಕ್ಕಳಿಗೆ ಇಟ್ಟಿಗೆಯ ಕಟ್ಟಡ, ಕಪ್ಪು ಮಕ್ಕಳಿಗೆ ಹಲಗೆ ಬಡಿದ ಗುಡಿಸಲು. ಎರಡನ್ನೂ ಚಿತ್ರೀಕರಿಸಿದರು. ಸಾಕ್ಷ್ಯ ಕಾನೂನಿನ ಮೇಷ್ಟ್ರಲ್ವಾ, ಕಣ್ಣಿಗೆ ಕಾಣುವ ಪುರಾವೆಯ ತೂಕ ಅವರಿಗೆ ಗೊತ್ತಿತ್ತು.

ದುಡಿದು ದುಡಿದು ಹೃದಯ ಸೋತಿತು. 1950ರ ಏಪ್ರಿಲ್‌ನಲ್ಲಿ, 54ನೇ ವಯಸ್ಸಿಗೇ ತೀರಿಕೊಂಡರು. ಪುಟ್ಟ ಮಗ ಬೋಗಾಗಿ ಒಂದು ಚೀಟಿ ಬರೆದಿಟ್ಟಿದ್ದರು. ನಾನು ಅವನನ್ನು ಬಿಟ್ಟು ಓಡಿಹೋಗಲಿಲ್ಲ, ಅವನಿಗೆ ಇನ್ನೂ ಒಳ್ಳೆಯ ಅವಕಾಶ ಸಿಗಲಿ ಎಂದು ಹೋರಾಡುತ್ತಲೇ ಹೋದೆ ಅಂತ 'ಬೋ'ಗೆ ತಿಳಿಸಿ, ಎಂಬುದು ಅದರ ಸಾರ.

1954ರ ಮೇ 17ರಂದು ಬ್ರೌನ್ ಕೇಸಿನ ತೀರ್ಪು ಬಂತು. ಶಾಲೆಗಳಲ್ಲಿ ಬಣ್ಣ ನೋಡಿ ಮಕ್ಕಳನ್ನು ಬೇರೆ ಕೂರಿಸುವುದು ಸಂವಿಧಾನಕ್ಕೆ ವಿರುದ್ಧ ಎಂದಿತು ಸುಪ್ರೀಂ ಕೋರ್ಟು. ಆ ಕೇಸು ನಡೆಸಿದ ವಕೀಲರ ಮುಂದಾಳು ಮಾರ್ಷಲ್. ಬೋಗೆ ಆಗ ಹತ್ತು ವರ್ಷ.