ಎರೆಭೂಮಿಯ ರಸ್ತೆಗೆ ಹಗುರ ಸ್ಪೋರ್ಟ್ಸ್ ಕಾರು

ಎಲ್ಲರಿಗೂ ಶರಣು.

ಸ್ಪೋರ್ಟ್ಸ್ ಕಾರು ಅಂದ ಕೂಡಲೇ ನಮ್ಮಲ್ಲಿ ಬರುವ ಮೊದಲ ಪ್ರಶ್ನೆ ಎಂಜಿನ್ನಿನ ಅಶ್ವಶಕ್ತಿಯದು: ‘ಎಷ್ಟು ಬಿಎಚ್‌ಪಿ?’. ತೂಕ ಎಷ್ಟು ಅಂತ ಕೇಳುವವರು ಅಪರೂಪ. ದಿನಾ ಓಡಿಸುವ ಗಾಡಿಗೆ ಕೇಳಬೇಕಾದದ್ದು ಅದನ್ನೇ. ಅದರ ಬೆನ್ನಿಗೇ ಇನ್ನೊಂದು: ಇದರ ಶಾಕಪ್ (ಶಾಕ್ ಅಬ್ಸಾರ್ಬರ್) ಕಲಬುರಗಿಯ ರಸ್ತೆಗೆ ತಾಳುತ್ತದೆಯೇ?

ಒಂದು ಸಣ್ಣ ಲೆಕ್ಕ ನೋಡಿ. 1500 ಕೆಜಿಯ ಕಾರಿಗೆ 150 ಅಶ್ವಶಕ್ತಿ, 900 ಕೆಜಿಯ ಕಾರಿಗೆ 90. ಟನ್ನಿಗೆ ಎರಡೂ ನೂರೇ. ಗಾಳಿಯ ತಡೆ ಜೋರಾಗುವ ವೇಗ ಮುಟ್ಟುವ ತನಕ ಎರಡರ ಓಟ ಹೆಚ್ಚುಕಡಿಮೆ ಒಂದೇ. ವ್ಯತ್ಯಾಸ ಗೊತ್ತಾಗುವುದು ನಿಲ್ಲಿಸುವಾಗ. ಗಂಟೆಗೆ 100 ಕಿ.ಮೀ. ವೇಗದಿಂದ ಪೂರ್ತಿ ನಿಲ್ಲಿಸಿದರೆ ಭಾರದ ಕಾರಿನ ಬ್ರೇಕು ಸುಮಾರು 580 ಕಿಲೋಜೌಲ್ ಶಾಖ ನುಂಗಬೇಕು, ಹಗುರದ್ದು 350. ಹಾಗಂತ ಹಗುರ ಕಾರು ತಾನಾಗಿಯೇ ಕಡಿಮೆ ದೂರದಲ್ಲಿ ನಿಲ್ಲುತ್ತದೆ ಅಂದುಕೊಳ್ಳಬೇಡಿ. ಅದು ಟೈರಿನ ಹಿಡಿತಕ್ಕೆ ಬಿಟ್ಟದ್ದು. ಆದರೆ ಮೇಲಿಂದ ಮೇಲೆ ಬ್ರೇಕ್ ಒತ್ತಿದಾಗ ಪ್ಯಾಡು ಕಾದು ಬ್ರೇಕಿನ ಹಿಡಿತ ಕುಗ್ಗುವ ತೊಂದರೆ ಹಗುರ ಗಾಡಿಯಲ್ಲಿ ತಡವಾಗಿ ಬರುತ್ತದೆ. ಟೈರು, ಬುಷ್, ಬೇರಿಂಗ್ ಎಲ್ಲಕ್ಕೂ ಬಾಳಿಕೆ ಜಾಸ್ತಿ.

ಈ ಜಾತಿಯ ಕಾರುಗಳ ಹಿರಿಯ ಲೋಟಸ್ ಸೆವೆನ್. ಕಾಲಿನ್ ಚಾಪ್ಮನ್ನರ ಕಂಪನಿ 1957ರಲ್ಲಿ ಹೊರತಂದದ್ದು. 1973ರಲ್ಲಿ ಅದರ ಹಕ್ಕು ಕೇಟರ್‌ಹ್ಯಾಮ್‌ಗೆ ಹೋಯಿತು, ಇವತ್ತಿಗೂ ತಯಾರಾಗುತ್ತಿದೆ. 1989ರಲ್ಲಿ ಎರಡು ಸೀಟಿನ ಮಾಜ್ದಾ ಎಂಎಕ್ಸ್-5 ಬಂತು. 1996ರ ಲೋಟಸ್ ಎಲೀಸ್‌ನಲ್ಲಿ ಅಲ್ಯೂಮಿನಿಯಂ ತುಂಡುಗಳನ್ನು ಬೆಸುಗೆಯ ಬದಲು ಅಂಟಿನಿಂದ ಜೋಡಿಸಿ ಚಾಸಿ ಮಾಡಿದರು. ಇಡೀ ಕಾರಿನ ತೂಕ 725 ಕೆಜಿ ಆಸುಪಾಸು. ಸೆವೆನ್‌ನಂಥದು ನೋಡಲು ಚಂದ, ಆದರೆ ಸರಿಯಾದ ಬಾಗಿಲಿಲ್ಲ, ಎಸಿ ಇಲ್ಲ. ಮೇ ತಿಂಗಳ 43 ಡಿಗ್ರಿಯಲ್ಲಿ ಕಲಬುರಗಿಯ ಸೂಪರ್ ಮಾರ್ಕೆಟ್ ಸಿಗ್ನಲ್‌ನಲ್ಲಿ ನಿಂತರೆ ಅದು ಶಿಕ್ಷೆಯೇ.

ಕಾನೂನಿನ ಮಾತನ್ನು ಚುಟುಕಾಗಿ ಮುಗಿಸುತ್ತೇನೆ. ಎಡಗಡೆ ಸ್ಟೀರಿಂಗ್ ಇರುವ ಗಾಡಿ ನಮ್ಮಲ್ಲಿ ದಿನಬಳಕೆಗೆ ಸಾಮಾನ್ಯವಾಗಿ ನೋಂದಣಿಯಾಗುವುದಿಲ್ಲ. ಮೂರು ವರ್ಷ ದಾಟಿದ ಹಳೆಯ ಕಾರಿಗೆ ಆಮದು ನಿಯಮದಲ್ಲಿ ಸಾಮಾನ್ಯವಾಗಿ ಜಾಗವಿಲ್ಲ. ಎಂಎಕ್ಸ್-5 ಇಲ್ಲಿನ ಶೋರೂಮಿನಲ್ಲಿ ಸಿಗುವ ಕಾರಲ್ಲ. ಸುಂಕ ಕಟ್ಟಿ ತರಿಸುವ ಶಕ್ತಿ ಇದ್ದವರ ಮಾತು ಬೇರೆ. ಉಳಿದವರ ಪಾಲಿಗೆ ಇರುವುದು 900ರಿಂದ 1100 ಕೆಜಿಯೊಳಗಿನ ಚುರುಕು ಹ್ಯಾಚ್‌ಬ್ಯಾಕುಗಳು: ಸ್ವಿಫ್ಟ್, 2022ರವರೆಗೆ ಬರುತ್ತಿದ್ದ ಪೋಲೊ 1.0 ಟಿಎಸ್‌ಐ, 2017ರಲ್ಲಿ ಬಂದ ಬಲೆನೊ ಆರ್‌ಎಸ್. ಇವುಗಳಲ್ಲಿ ಮ್ಯಾನುವಲ್ ಗೇರಿನದನ್ನೇ ಹುಡುಕಿ. ಇವೆಲ್ಲ ಸ್ಪೋರ್ಟ್ಸ್ ಕಾರೇ ಅಲ್ಲ ಎನ್ನುವವರೊಂದಿಗೆ ನನ್ನ ಜಗಳವಿಲ್ಲ, ಆದರೆ ಜಗತ್ ಸರ್ಕಲ್‌ನಿಂದ ಸೇಡಂವರೆಗೆ ಖುಷಿಯಾಗಿ ಹೋಗಿ ಬರಲು ಇವು ಸಾಕು.

ಈಗ ರಸ್ತೆಗೆ ಬರೋಣ. ಮೊದಲು ಹಂಪು. ಇಂಡಿಯನ್ ರೋಡ್ಸ್ ಕಾಂಗ್ರೆಸ್ ಹೇಳುವ ಹಂಪಿನ ಎತ್ತರ 10 ಸೆಂ.ಮೀ., ಅಗಲ 3.7 ಮೀಟರ್, ಬಾಗಿನ ತ್ರಿಜ್ಯ 17 ಮೀಟರ್. ಎಂಎಕ್ಸ್-5ರ ಮುಂದಿನ, ಹಿಂದಿನ ಗಾಲಿಗಳ ನಡುವಿನ ಅಂತರ 2.3 ಮೀಟರ್. ಅಂದರೆ ಅಂಥ ಹಂಪಿನ ಮೇಲೆ ನಾಲ್ಕೂ ಗಾಲಿ ಒಟ್ಟಿಗೆ ಹತ್ತಿ ನಿಲ್ಲುತ್ತವೆ. ಹೊಟ್ಟೆಯ ಕೆಳಗೆ ಹಂಪು ಎದ್ದು ಬರುವುದು ಬರೀ 39 ಮಿ.ಮೀ. ನೆಲದಿಂದ ಹೊಟ್ಟೆಗೆ 135 ಮಿ.ಮೀ. ಇರುವ ತಗ್ಗು ಕಾರು ಕೂಡ ಆರಾಮಾಗಿ ದಾಟುತ್ತದೆ. ನಿಯಮದ ಹಂಪು ನಮ್ಮ ವೈರಿಯಲ್ಲ. ಊರವರು ಒಂದು ಟ್ರಾಲಿ ಕಾಂಕ್ರೀಟ್ ಸುರಿದು ಮಾಡಿದ 15 ಸೆಂ.ಮೀ. ಎತ್ತರದ, ಎರಡಡಿ ಅಗಲದ ದಿಬ್ಬವೇ ವೈರಿ. ಅದು ಗಾಲಿಗಳ ನಡುವೆ ಪೂರ್ತಿ ಎದ್ದು ನಿಲ್ಲುತ್ತದೆ. ಎಷ್ಟೇ ನಿಧಾನ ಹೋದರೂ ಎಂಜಿನ್ ಆಯಿಲಿನ ಚೇಂಬರೋ ಸೈಲೆನ್ಸರೋ ತಾಗುವುದು ಖಚಿತ. ಓರೆಯಾಗಿ ಹತ್ತಿಸಿ, ಒಂದೊಂದೇ ಗಾಲಿ ಏರುವ ಹಾಗೆ. ಅಷ್ಟಾದರೂ ತಾಗುವ ಗಾಡಿಯನ್ನು ಹಳ್ಳಿ ದಾರಿಗೆ ಒಯ್ಯಬೇಡಿ. ಸ್ವಿಫ್ಟ್‌ನ 163 ಮಿ.ಮೀ. ಖಾಲಿ ಗಾಡಿಯ ಅಳತೆ, ಜನ ಕೂತರೆ ಅದೂ ಇಳಿಯುತ್ತದೆ.

ಎರಡನೆಯದು ರಸ್ತೆಯ ಅಲೆ, ಗುಂಡಿಗಿಂತ ಕಪಟಿ. ನಮ್ಮ ಕಪ್ಪು ಎರೆಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿದು ಕುಗ್ಗುತ್ತದೆ. ಮೇಲಿನ ಡಾಂಬರು ಒಡೆಯದೇ ಇದ್ದರೂ ರಸ್ತೆ ಅಲೆಯಲೆಯಾಗುತ್ತದೆ. ಕಣ್ಣಿಗೆ ನುಣುಪು, 80ರಲ್ಲಿ ಹೋದರೆ ಗಾಡಿ ತೇಲಿ ಕುಕ್ಕುತ್ತದೆ. ಇಂಥಲ್ಲಿ ಸ್ಪ್ರಿಂಗಿಗೆ ಮೇಲೆ ಕೆಳಗೆ ಆಡಲು ಜಾಗ ಬೇಕು. ಚಂದ ಕಾಣಲಿ ಅಂತ 30 ಮಿ.ಮೀ. ತಗ್ಗಿಸುವ ಸ್ಪ್ರಿಂಗ್ ಹಾಕಿಸಿದರೆ ಹೋಗುವುದು ಆ ಜಾಗವೇ. ತಿರುವಿನ ಮಧ್ಯೆ ಅಲೆ ಸಿಕ್ಕರೆ ಶಾಕಪ್ ಪೂರ್ತಿ ಕುಸಿದು ಕೊನೆಯ ತಡೆಯಾದ ಬಂಪ್ ಸ್ಟಾಪಿನ ರಬ್ಬರಿಗೆ ಹೋಗಿ ಬಡಿಯುತ್ತದೆ. ಆ ಕ್ಷಣ ಸ್ಪ್ರಿಂಗೇ ಇಲ್ಲದಂತಾಗಿ ಆ ಗಾಲಿ ಹಿಡಿತ ಬಿಡುತ್ತದೆ. ಹಿಂದಿನ ಮಾಲೀಕ ತಗ್ಗಿಸಿದ ಗಾಡಿ ಕೊಳ್ಳುವುದಾದರೆ ಕಂಪನಿಯ ಸ್ಪ್ರಿಂಗು, ಶಾಕಪ್ಪಿನ ಖರ್ಚನ್ನು ಬೆಲೆಯಲ್ಲಿ ಮುರಿದುಕೊಳ್ಳಿ.

ಟೈರಿನಲ್ಲೂ ಇದೇ ಕಥೆ. 185/65 ಆರ್15 ಟೈರಿನ ಗೋಡೆ 120 ಮಿ.ಮೀ., 205/45 ಆರ್17 ಟೈರಿನದು 92. ಹೊರ ಅಳತೆ ಹೆಚ್ಚುಕಡಿಮೆ ಸಮ, ಹಾಗಾಗಿ ಅಂಗಡಿಯವರು ‘ಕೂಡ್ತದ ಬಿಡ್ರಿ’ ಅಂತಾರೆ. ಕೂರುತ್ತದೆ ನಿಜ. ಆದರೆ ಗುಂಡಿಯ ಅಂಚು ಬಡಿದಾಗ ಅಲಾಯ್ ಗಾಲಿ ಸೊಟ್ಟಾಗದಂತೆ ತಡೆಯುವ ರಬ್ಬರು 28 ಮಿ.ಮೀ. ಕಡಿಮೆಯಾಯಿತು. 17 ಇಂಚಿನ ಗಾಲಿ ಸಾಮಾನ್ಯವಾಗಿ ಭಾರ ಬೇರೆ. ಹಗುರ ಕಾರಿನ ಒಂದು ಮೂಲೆಯ ಮೇಲೆ ಇರುವುದೇ 225 ಕೆಜಿ. ಗಾಲಿಗೆ ಮೂರು ಕೆಜಿ ಸೇರಿದರೂ ಕುಲುಕಾಟ ಸ್ಟೀರಿಂಗಿನಲ್ಲಿ ತಿಳಿಯುತ್ತದೆ.

ಹವಾ ಬೆಳಿಗ್ಗೆ, ಗಾಡಿ ತೆಗೆಯುವ ಮುಂಚೆ ನೋಡಿ. ಐದಾರು ಡಿಗ್ರಿ ಬಿಸಿಲೇರಿದರೆ ಸುಮಾರು ಒಂದು ಪಿಎಸ್‌ಐ ಏರುತ್ತದೆ. ಬೆಳಗಿನ 27 ಡಿಗ್ರಿಯಿಂದ ಮಧ್ಯಾಹ್ನದ 43ಕ್ಕೆ ಅದೇ ಮೂರು ಪಿಎಸ್‌ಐ ಆಯಿತು. ಓಡಿದ ಬಿಸಿ ಬೇರೆ. ಕಾದ ಟೈರಿನಿಂದ ಹವಾ ಬಿಡಿಸಿದರೆ ಮರುದಿನ ಬೆಳಿಗ್ಗೆ ಕಡಿಮೆ ಹವಾದಲ್ಲಿ ಓಡುತ್ತೀರಿ, ಗೋಡೆ ಮಡಚಿ ಇನ್ನೂ ಕಾಯುತ್ತದೆ. ಈಗಿನ ಎಂಎಕ್ಸ್-5ರಂಥ ಕಾರಿಗೆ ಸ್ಟೆಪ್ನಿ ಇರುವುದಿಲ್ಲ, ತೂಕ ಉಳಿಸಲು ಅಂಟಿನ ಬಾಟಲಿ ಕೊಟ್ಟಿರುತ್ತಾರೆ. ಜಾಲಿ ಮುಳ್ಳಿನ ತೂತಿಗೆ ಅದು ಆದೀತು, ಸೀಳಿದ ಗೋಡೆಗೆ ಆಗದು. ರಾತ್ರಿ ಜೇವರ್ಗಿ ದಾಟಿದ ಮೇಲೆ ಹಾಗಾದರೆ ಟೋಯಿಂಗ್ ಗಾಡಿಯೇ ಗತಿ.

ವಾಡಿ, ಶಹಾಬಾದ್, ಸೇಡಂ ಕಡೆ ದಿನಾ ಓಡಾಡುವವರಿಗೆ ಸಿಮೆಂಟ್ ಧೂಳಿನ ಒಂದು ಮಾತು. ಎಂಎಕ್ಸ್-5ರಂಥ ಬಟ್ಟೆಯ ಮೇಲ್ಛಾವಣಿಯ ಕಾರಿನಲ್ಲಿ, ಸೀಟಿನ ಹಿಂದೆ ಎರಡೂ ಬದಿ ನೀರಿಳಿಯುವ ಕೊಳವೆ ಇರುತ್ತದೆ. ಧೂಳು ಅಲ್ಲಿ ಕೂತು ಮೊದಲ ಮಳೆಗೆ ಗಟ್ಟಿಯಾದರೆ ನೀರು ಕಾರ್ಪೆಟ್ಟಿನ ಅಡಿಗೆ, ಬಾಗಿಲ ಕೆಳಗಿನ ಪಟ್ಟಿಯೊಳಗೆ ಇಳಿದು ತುಕ್ಕು ಹಿಡಿಸುತ್ತದೆ. ಮಳೆಗಾಲಕ್ಕೆ ಮುಂಚೆ ಒಂದು ಲೋಟ ನೀರು ಹೊಯ್ದು ನೋಡಿ: ಗಾಡಿಯ ಕೆಳಗಿಂದ ತಕ್ಷಣ ಸುರಿಯಬೇಕು. ಏರ್ ಫಿಲ್ಟರನ್ನು 5000 ಕಿ.ಮೀ.ಗೊಮ್ಮೆ ಬಿಚ್ಚಿ ನೋಡಿ. ರೇಡಿಯೇಟರಿಗೆ ಬೋರ್‌ವೆಲ್ ನೀರು ಬೇಡವೇ ಬೇಡ, ಗಡಸು ನೀರಿನ ಸುಣ್ಣ ಒಳಗೆ ಕಟ್ಟಿಕೊಳ್ಳುತ್ತದೆ. ನೀರು ಬೆರೆಸದ ಗಾಢ ಕೂಲೆಂಟ್ ಮತ್ತು ಡಿಸ್ಟಿಲ್ಡ್ ವಾಟರ್ ಸಮಸಮ.

ಇನ್ನು ಓಡಿಸಿ ನೋಡುವ ಕ್ರಮ. ಕೂತ ಕೂಡಲೇ ಕಣ್ಣಿನ ಮಟ್ಟ ಗಮನಿಸಿ. ಆಳಂದ, ಅಫಜಲಪುರ ಕಡೆ ಕಬ್ಬಿನ ಟ್ರಾಕ್ಟರಿನ ಹಿಂದೆ ತೀರಾ ತಗ್ಗಿನ ಸೀಟಿನಲ್ಲಿ ಕೂತವರಿಗೆ ಮುಂದಿನದೇನೂ ಕಾಣದು. ಅಲೆಯಿರುವ ಒಂದೇ ರಸ್ತೆಯಲ್ಲಿ ಮೊದಲು 60, ಆಮೇಲೆ 80ರಲ್ಲಿ ಹೋಗಿ. ಉಬ್ಬು ದಾಟಿದ ಗಾಡಿ ಒಂದೇ ಸಲಕ್ಕೆ ಕೂರಬೇಕು. ಎರಡು ಮೂರು ಸಲ ತೂಗಿದರೆ ಶಾಕಪ್ ಮುಗಿದಿದೆ. ಆಮೇಲೆ ಒಬ್ಬರನ್ನು ಪಕ್ಕಕ್ಕೆ ಕೂರಿಸಿ ಡಿಕ್ಕಿಗೆ ಸಾಮಾನು ಹಾಕಿ ಮತ್ತೊಮ್ಮೆ ಓಡಿಸಿ. ಹಗುರ ಗಾಡಿಯ ನಡತೆ 150 ಕೆಜಿಗೇ ಬದಲಾಗುತ್ತದೆ. ಟೈರಿನ ಗೋಡೆಯ ಮೇಲಿನ ನಾಲ್ಕು ಅಂಕಿ ಓದಿ: 2321 ಅಂದರೆ 2021ರ 23ನೇ ವಾರ. ಶೋಕಿಗೆ ಇಟ್ಟ ಕಾರಿನ ಟೈರು ಸವೆಯದೆ ಅದರ ಗೀರು ಆಳವಾಗೇ ಇರುತ್ತದೆ, ರಬ್ಬರು ಮಾತ್ರ ಒಣಗಿ ಕಲ್ಲಾಗಿರುತ್ತದೆ.

ಕೊನೆಗೆ ಅಲೈನ್‌ಮೆಂಟ್ ಯಂತ್ರದ ಮೇಲೆ ಹತ್ತಿಸಿ ಕ್ಯಾಂಬರ್, ಅಂದರೆ ಗಾಲಿ ಒಳಗೋ ಹೊರಗೋ ವಾಲಿರುವ ಕೋನದ ಅಂಕಿ ಬರೆಸಿಕೊಳ್ಳಿ. ಮುಂದಿನ ಎಡ, ಬಲ ಗಾಲಿಗಳ ನಡುವೆ ಒಂದು ಡಿಗ್ರಿಯ ಅಂತರ ಕಂಡರೆ ಗಾಲಿಯನ್ನು ಕೆಳಗಿಂದ ಹಿಡಿದಿಡುವ ಲೋಯರ್ ಆರ್ಮೋ ಶಾಕಪ್ಪಿನ ಕಂಬವೋ ಬಾಗಿರುವ ಸಂಭವವೇ ಹೆಚ್ಚು. ಯಾವುದು ಅಂತ ಮೆಕ್ಯಾನಿಕ್ ತೋರಿಸುವ ತನಕ ಅಡ್ವಾನ್ಸ್ ಕೊಡಬೇಡಿ.